ಆಕಾಶದ ಪಂಕ್ತಿಯಲ್ಲಿ ನಮ್ಮ ಸರದಿ

ಪರವೂರಿನಲ್ಲಿ ನೆಲೆಸಿದವರಿಗೆ ಪ್ರಯಾಣವೆಂಬುದು ಹವ್ಯಾಸವಲ್ಲ, ಬಾಳಿನ ಒಂದು ಅಂಗ. ವರ್ಷಕ್ಕೆ ಒಂದೆರಡು ಸಲವಾದರೂ ನಾವು ಊರಿಗೆ ಹೋಗಲೇಬೇಕು. ಮದುವೆ, ಮುಂಜಿ, ಗೃಹಪ್ರವೇಶ, ಜಾತ್ರೆ, ಕೋಲ, ವಯಸ್ಸಾದ ತಂದೆತಾಯಿಯರ ಕಾಯಿಲೆ, ಹೀಗೆ ಏನಾದರೊಂದು ಕಾರಣ ಕರೆಯುತ್ತಲೇ ಇರುತ್ತದೆ. ನಮ್ಮ ಹಿರಿಯರು ಇದಕ್ಕಾಗಿ ರಾತ್ರಿಯೆಲ್ಲ ಬಸ್ಸಿನಲ್ಲಿ ಕುಲುಕಾಡಿದರು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ಕರಾವಳಿಯವರ ಪಾಡು ತುಸು ಹಗುರಾಯಿತು. ಈಗಂತೂ ಅನೇಕ ಸಂಸಾರಗಳಿಗೆ ವಿಮಾನವೇ ರೂಢಿಯಾಗಿದೆ. ಮುಂಬಯಿಯಿಂದ ಮಂಗಳೂರಿಗೆ ಒಂದೂವರೆ ಗಂಟೆ, ದಿಲ್ಲಿಯಿಂದ ಬೆಂಗಳೂರಿಗೆ ಮೂರು ಗಂಟೆಗೂ ಕಡಿಮೆ.

ದಾರಿಯ ಹೊತ್ತು ಕಡಿಮೆಯಾಯಿತು, ಸರಿ. ಆದರೆ ದಾರಿಯ ಜಗಳ ಕಡಿಮೆಯಾಯಿತೇ? ಕಿಟಕಿ ಪಕ್ಕದ ಸೀಟು ಯಾರಿಗೆ, ಮೊದಲು ಹತ್ತುವವರು ಯಾರು, ತಲೆಯ ಮೇಲಿನ ಗೂಡಿನಲ್ಲಿ ಯಾರ ಚೀಲ, ಬೆಳಗಿನ ವಿಮಾನವೋ ಸಂಜೆಯದೋ ಎಂಬ ಮಾತುಗಳಲ್ಲಿ ಸುಶಿಕ್ಷಿತರೂ ಮುಖ ಸಿಂಡರಿಸಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ಇವು ಕ್ಷುಲ್ಲಕ ವಿಷಯಗಳೆಂದು ತಳ್ಳಿಹಾಕಬಹುದು. ಆದರೆ ಧರ್ಮಸೂಕ್ಷ್ಮವು ದೊಡ್ಡ ಸಂದರ್ಭಗಳಿಗಾಗಿಯೇ ಕಾದು ಕುಳಿತಿರುವುದಿಲ್ಲ. ಪರಿಚಯವಿಲ್ಲದವರ ಜೊತೆ ಮೊಣಕೈ ತಾಗಿಸಿಕೊಂಡು ಎರಡು ಗಂಟೆ ಕೂರುವಾಗ ನಾವು ಹೇಗೆ ವರ್ತಿಸುತ್ತೇವೆ ಎಂಬುದರಲ್ಲಿ ನಮ್ಮ ನ್ಯಾಯಬುದ್ಧಿಯ ಅಳತೆ ಸಾಕಷ್ಟು ಸಿಗುತ್ತದೆ.

ಮೊದಲು ಒಂದು ಸರಳ ಲೆಕ್ಕ. ನಮ್ಮ ದೇಶದೊಳಗೆ ಹಾರುವ ಸಾಮಾನ್ಯ ಜೆಟ್ ವಿಮಾನವೊಂದರಲ್ಲಿ ಸಾಲಿಗೆ ಆರರಂತೆ ಮೂವತ್ತು ಸಾಲು, ಒಟ್ಟು 180 ಆಸನಗಳೆಂದು ಇಟ್ಟುಕೊಳ್ಳೋಣ. ಇದರಲ್ಲಿ 60 ಕಿಟಕಿಯ ಬಳಿ, 60 ನಡುದಾರಿಯ ಬಳಿ, ಉಳಿದ 60 ಇವೆರಡರ ಮಧ್ಯೆ. ಮಧ್ಯದ ಸೀಟನ್ನು ಇಷ್ಟಪಟ್ಟು ಬೇಡುವವರು ಅಪರೂಪ. ಆದರೂ ವಿಮಾನ ತುಂಬಿದರೆ ಅರುವತ್ತು ಮಂದಿ ಅಲ್ಲಿ ಕೂರಲೇಬೇಕು. ಎಂದರೆ ನಮಗೆ ಕಿಟಕಿ ಸಿಕ್ಕಿತೆಂದರೆ ಬೇರೊಬ್ಬರಿಗೆ ಅದು ಸಿಗಲಿಲ್ಲವೆಂದೇ ಅರ್ಥ. ನಮ್ಮ ಇಷ್ಟದ ಬೆಲೆಯನ್ನು ತೆರುವ ಇನ್ನೊಬ್ಬರು ಎಲ್ಲೋ ದೂರದಲ್ಲಿಲ್ಲ, ನಮ್ಮ ಪಕ್ಕದಲ್ಲೇ ಇದ್ದಾರೆ.

ಹಾಗಾದರೆ ಕಡಿಮೆ ಇರುವ ವಸ್ತುವನ್ನು ಹಂಚುವುದು ಹೇಗೆ? ನಮ್ಮ ಕಡೆಯ ಬಸ್ ನಿಲ್ದಾಣಗಳಲ್ಲಿ ಇದಕ್ಕೊಂದು ಹಳೆಯ ಉತ್ತರವಿತ್ತು: ಟವೆಲು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲನ್ನೋ ಕರವಸ್ತ್ರವನ್ನೋ ಒಳಗೆ ಎಸೆದರೆ ಆ ಸೀಟು ನಮ್ಮದು. ಮೊದಲು ಮುಟ್ಟಿದವನದೇ ವಸ್ತು ಎಂಬ ನ್ಯಾಯ. ಇದನ್ನು ನೆನೆದು ನಾವು ಈಗ ನಗುತ್ತೇವೆ, ಕೆಲವೊಮ್ಮೆ ಆ ಕಾಲವೇ ಚೆನ್ನಾಗಿತ್ತೆಂದೂ ಹೇಳುತ್ತೇವೆ. ಆದರೆ ಟವೆಲಿನ ನ್ಯಾಯದಲ್ಲಿ ಗೆಲ್ಲುತ್ತಿದ್ದವರು ಯಾರು? ಓಡಬಲ್ಲ ಯುವಕರು, ಉದ್ದ ಕೈಯವರು. ಮಗುವನ್ನು ಸೊಂಟದಲ್ಲಿಟ್ಟುಕೊಂಡ ತಾಯಿಯೂ ಊರುಗೋಲು ಹಿಡಿದ ಅಜ್ಜನೂ ಮುಂದಿನ ಬಸ್ಸಿಗೆ ಕಾಯಬೇಕಾಗಿತ್ತು.

ಈ ನ್ಯಾಯ ಒಂದಷ್ಟು ಕಾಲ ಆಕಾಶಕ್ಕೂ ಏರಿತ್ತು. 2003ರಲ್ಲಿ ನಮ್ಮ ಕನ್ನಡದವರೇ ಆದ ಕ್ಯಾಪ್ಟನ್ ಗೋಪಿನಾಥರು ಏರ್ ಡೆಕ್ಕನ್ ಆರಂಭಿಸಿ, ವಿಮಾನವನ್ನು ಕಂಡರಿಯದ ಸಾವಿರಾರು ಮಂದಿಯನ್ನು ವಿಮಾನ ಹತ್ತಿಸಿದರು. ಖರ್ಚು ಉಳಿಸುವ ಆ ಏರ್ಪಾಟಿನಲ್ಲಿ ಸೀಟಿಗೆ ನಂಬರಿರಲಿಲ್ಲ, ಮೊದಲು ಹೋದವರಿಗೆ ಬೇಕಾದ ಸೀಟು. ಅಮೇರಿಕದ ಸೌತ್‌ವೆಸ್ಟ್ ಸಂಸ್ಥೆಯೂ 1971ರಿಂದ ಇದೇ ಬಗೆಯ ಪದ್ಧತಿಯನ್ನು ಅರ್ಧ ಶತಮಾನಕ್ಕೂ ಮಿಕ್ಕಿ ನಡೆಸಿ, ಅದನ್ನು ಕೈಬಿಡುವುದಾಗಿ 2024ರಲ್ಲಿ ಪ್ರಕಟಿಸಿತು. ಹೀಗೆ ನೋಡಿದರೆ ಬೋರ್ಡಿಂಗ್ ಪಾಸಿನ ಮೇಲಿನ ಆ ಸಣ್ಣ ನಂಬರು ದುರ್ಬಲರ ಪಾಲಿಗೆ ಒಂದು ರಕ್ಷೆಯೇ ಸರಿ. ಕಾಲಿನ ಬಲ ಇಲ್ಲದವರಿಗೂ ತಮ್ಮ ಸ್ಥಾನ ತಮಗಾಗಿ ಕಾದಿದೆ ಎಂಬ ಭರವಸೆಯನ್ನು ಅದು ಕೊಟ್ಟಿತು.

ಆಮೇಲೆ ಆ ನಂಬರಿಗೇ ಬೆಲೆ ಬಂತು. ಇಷ್ಟದ ಸೀಟಿಗೆ ಪ್ರತ್ಯೇಕ ಶುಲ್ಕ ಪಡೆಯಲು ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2013ರಲ್ಲಿ ಅನುಮತಿಯಿತ್ತಿತು. ಅಂದಿನಿಂದ ಕಿಟಕಿಗೊಂದು ದರ, ಮುಂದಿನ ಸಾಲಿಗೊಂದು ದರ, ಕಾಲು ಚಾಚಲು ಜಾಗವಿರುವ ಸೀಟಿಗೆ ಇನ್ನೊಂದು ದರ. ಕಾಲಿನ ಬಲದಿಂದ ನಂಬರಿಗೆ, ನಂಬರಿನಿಂದ ಹಣದ ಬಲಕ್ಕೆ ಬಂದೆವು. ಇದನ್ನು ಪೂರಾ ಅನ್ಯಾಯವೆನ್ನಲಾಗದು. ಕಿಟಕಿಯಿಂದ ಮೋಡ ನೋಡುವ ಆಸೆಯುಳ್ಳವರು ಅದಕ್ಕೆ ನಾಲ್ಕು ಕಾಸು ತೆತ್ತರೆ, ಆಸೆಯಿಲ್ಲದವರಿಗೆ ಟಿಕೀಟು ಅಗ್ಗವಾಗಬಹುದೆಂಬ ವಾದವೂ ಉಂಟು. ತೊಂದರೆ ಆರಂಭವಾಗುವುದು ಆಸೆಗೂ ಅವಶ್ಯಕತೆಗೂ ಒಂದೇ ಅಂಗಡಿಯಲ್ಲಿ ಒಂದೇ ತಕ್ಕಡಿ ಇಟ್ಟಾಗ.

ಇಲ್ಲಿ ನಾವು ಮೂರು ಮಾತುಗಳನ್ನು ಬಿಡಿಸಿ ನೋಡಬೇಕಾಗಿದೆ: ಇಷ್ಟ, ಅಗತ್ಯ, ಹಕ್ಕು. ಕಿಟಕಿಯ ನೋಟ ಇಷ್ಟ. ಮಂಡಿ ಮಡಿಸಲಾಗದ ಅಜ್ಜಿಗೆ ನಡುದಾರಿಯ ಸೀಟು ಅಗತ್ಯ. ಹಣ ತೆತ್ತು ಕಾದಿರಿಸಿದ ಸೀಟಿನಲ್ಲಿ ಕೂರುವುದು ಹಕ್ಕು. ಜಗಳಗಳು ಹುಟ್ಟುವುದು ಬಹುಮಟ್ಟಿಗೆ ಈ ಮೂರನ್ನು ಕಲಸಿಬಿಡುವುದರಿಂದ. ಇಷ್ಟವನ್ನು ಅಗತ್ಯವೆಂದು ಸಾಧಿಸುವವರು ಒಂದು ಕಡೆ, ಹಕ್ಕನ್ನು ಮುಂದೊಡ್ಡಿ ಇನ್ನೊಬ್ಬರ ಅಗತ್ಯವನ್ನು ಕಾಣದಂತೆ ಮುಖ ತಿರುಗಿಸುವವರು ಇನ್ನೊಂದು ಕಡೆ.

ಇವನ್ನು ಬೇರ್ಪಡಿಸಲು ಒಂದು ಉಪಾಯವನ್ನು ಅಮೇರಿಕದ ತತ್ತ್ವಜ್ಞ ಜಾನ್ ರಾಲ್ಸ್ 1971ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಸೂಚಿಸಿದ್ದಾರೆ. ಸಮಾಜದಲ್ಲಿ ನಮ್ಮ ಸ್ಥಾನ ಯಾವುದೆಂದು ನಮಗೇ ತಿಳಿಯದಂತೆ ಒಂದು ತೆರೆ ಇಳಿಬಿಟ್ಟು, ಆಮೇಲೆ ನಿಯಮಗಳನ್ನು ಮಾಡಿ ಎಂಬುದು ಅವರ ಮಾತಿನ ತಿರುಳು. ಇದನ್ನೇ ವಿಮಾನಕ್ಕೆ ಅನ್ವಯಿಸಿ ನೋಡೋಣ. ಆ 180 ಮಂದಿ ನಿಲ್ದಾಣದ ಹೊರಗೆ ಸೇರಿದ್ದಾರೆ. ತಾವು ಒಳಗೆ ಯುವಕರಾಗುವೆವೋ ಮುದುಕರಾಗುವೆವೋ, ಬಸುರಿಯೋ, ಕಂಕುಳಲ್ಲಿ ಕೂಸಿರುವ ತಾಯಿಯೋ, ಹಣವುಳ್ಳವರೋ ಇಲ್ಲದವರೋ ಯಾರಿಗೂ ಗೊತ್ತಿಲ್ಲ. ಅವರು ಯಾವ ನಿಯಮಕ್ಕೆ ಒಪ್ಪುತ್ತಾರೆ? ಮಗು ತಾಯಿಯ ಪಕ್ಕದಲ್ಲಿರಲಿ, ನಡೆಯಲಾರದವರು ನೆರವಿನೊಡನೆ ಮೊದಲು ಹತ್ತಲಿ, ತುರ್ತು ಬಾಗಿಲಿನ ಬಳಿ ಅದನ್ನು ತೆರೆಯುವ ಶಕ್ತಿಯುಳ್ಳವರು ಕೂರಲಿ. ಇಷ್ಟಕ್ಕೆ ಎಲ್ಲರೂ ಒಪ್ಪಿಯಾರು. ಕಿಟಕಿಯ ಮಾತು ಬಂದಾಗ, ಅದನ್ನು ಬೇಕಾದರೆ ಮಾರಿಕೊಳ್ಳಿ, ಚೀಟಿ ಎತ್ತಿ ಕೊಡಿ, ಏನಾದರೂ ಮಾಡಿ ಎಂದಾರು. ಅಗತ್ಯ ಮೊದಲು, ಇಷ್ಟ ಆಮೇಲೆ.

ನಮ್ಮ ಊಟದ ಪಂಕ್ತಿಯಲ್ಲಿ ಈ ವಿವೇಕ ಹಿಂದಿನಿಂದಲೇ ಇತ್ತು. ಒಂದೇ ಸಾಲಿನಲ್ಲಿ ಕುಳಿತವರಲ್ಲಿ ಒಬ್ಬರಿಗೆ ತುಪ್ಪ ಸುರಿದು ಇನ್ನೊಬ್ಬರಿಗೆ ಸೌಟು ತೋರಿಸಿ ಮುಂದೆ ಹೋಗುವುದಕ್ಕೆ ಪಂಕ್ತಿಭೇದವೆಂಬ ಹೆಸರಿಟ್ಟು ಅದನ್ನು ದೋಷವೆಂದು ನಮ್ಮವರು ಎಣಿಸಿದರು. ಆದರೆ ಅದೇ ಸಾಲಿನಲ್ಲಿ ಹಸಿದು ಅಳುವ ಮಗುವಿಗೆ ಮೊದಲು ಮೊಸರನ್ನ ಕಲಸಿ ಕೊಟ್ಟರೆ, ಸಕ್ಕರೆ ಕಾಯಿಲೆಯ ಅಜ್ಜನಿಗೆ ಹೋಳಿಗೆಯ ಬದಲು ಪಲ್ಯ ಹೆಚ್ಚು ಬಡಿಸಿದರೆ ಅದನ್ನು ಯಾರೂ ಪಂಕ್ತಿಭೇದವೆನ್ನಲಿಲ್ಲ. ಅಗತ್ಯಕ್ಕಾಗಿ ಮಾಡಿದ ಭೇದ ಭೇದವಲ್ಲ, ಅಂತಸ್ತಿಗಾಗಿ ಮಾಡಿದ್ದು ಭೇದ ಎಂಬ ತಿಳಿವಳಿಕೆ ಅದರಲ್ಲಿದೆ. ಆ ಪಂಕ್ತಿಗಳಿಗೆ ಎಲ್ಲರನ್ನೂ ಕರೆಯುತ್ತಿರಲಿಲ್ಲ, ಜಾತಿಗೊಂದು ಪಂಕ್ತಿ ಹಾಕಿ ಬೇರೆ ಕೂರಿಸಿದ ಕಲಂಕವೂ ನಮ್ಮದೇ ಎಂಬುದನ್ನು ಮರೆಯಬಾರದು. ತತ್ತ್ವ ದೊಡ್ಡದಿತ್ತು, ಆಚರಣೆ ಸಣ್ಣದಿತ್ತು. ವಿಮಾನದ ಸಾಲಾದರೋ ಯಾರ ಪಕ್ಕ ಯಾರು ಎಂದು ಕುಲ ಕೇಳುವುದಿಲ್ಲ. ಆ ಮಟ್ಟಿಗೆ ಅದು ನಮ್ಮ ಹಳೆಯ ಪಂಕ್ತಿಗಿಂತ ಮೇಲೆಯೇ.

ಈ ತಿಳಿವಳಿಕೆಯನ್ನು ಕಾನೂನೂ ಒಂದು ವಿಷಯದಲ್ಲಿ ಒಪ್ಪಿಕೊಂಡಿದೆ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ, ಅದೇ ಬುಕಿಂಗಿನಲ್ಲಿ ಬರುವ ತಂದೆ, ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಪಕ್ಕದಲ್ಲಾದರೂ ಸೀಟು ಕೊಡತಕ್ಕದ್ದೆಂದು ಮಹಾನಿರ್ದೇಶನಾಲಯವು 2024ರ ಏಪ್ರಿಲಿನಲ್ಲಿ ವಿಮಾನ ಸಂಸ್ಥೆಗಳಿಗೆ ಆದೇಶಿಸಿತು. ತಾಯಿ ಮಗುವಿನ ಸಾಮೀಪ್ಯ ಮಾರಾಟದ ಸರಕಲ್ಲವೆಂದು ಹೇಳಲು ಒಂದು ಆದೇಶವೇ ಬೇಕಾಯಿತೆನ್ನುವುದು ಖೇದದ ಸಂಗತಿ. ಆದರೂ ಬಂದದ್ದು ಒಳ್ಳೆಯದೇ ಆಯಿತು.

ಆದೇಶ ಮುಟ್ಟದ ಸಂದರ್ಭಗಳೇ ಹೆಚ್ಚು. ಅಂಥಲ್ಲಿ ಒಬ್ಬರು ಇನ್ನೊಬ್ಬರನ್ನು ಕೇಳಿಕೊಳ್ಳಬೇಕಾಗುತ್ತದೆ. “ತಾಯಿ, ನೀವು ಸ್ವಲ್ಪ ಹಿಂದಿನ ಸೀಟಿಗೆ ಹೋಗ್ತೀರಾ? ನಮ್ಮ ಯಜಮಾನರು ಅಲ್ಲಿದ್ದಾರೆ.” ಈ ಕೋರಿಕೆ ಯಾರ ಮುಂದೆ ಬರುತ್ತದೆಂಬುದನ್ನು ಗಮನಿಸಿದ್ದೀರಾ? ಸಾಮಾನ್ಯವಾಗಿ ಒಂಟಿಯಾಗಿ ಹೊರಟ ಹೆಣ್ಣುಮಗಳ ಮುಂದೆ, ಇಲ್ಲವೇ ಕಾಲೇಜು ಹುಡುಗನ ಮುಂದೆ. ಕೋಟು ತೊಟ್ಟು ಪತ್ರಿಕೆ ಬಿಡಿಸಿದ ದೊಡ್ಡ ಮನುಷ್ಯರನ್ನು ಕೇಳುವ ಧೈರ್ಯ ಕಡಿಮೆ. ಔದಾರ್ಯದ ಭಾರ ಯಾವಾಗಲೂ ಇಲ್ಲವೆನ್ನಲು ಸಂಕೋಚಪಡುವವರ ಮೇಲೆಯೇ ಬೀಳುವುದಾದರೆ ಅದು ಔದಾರ್ಯವಾಗಿ ಉಳಿಯುವುದಿಲ್ಲ, ಒಂದು ಬಗೆಯ ವಸೂಲಿಯಾಗುತ್ತದೆ. ಆ ಹೆಣ್ಣುಮಗಳು ರಾತ್ರಿ ಪಾಳಿ ಮುಗಿಸಿ, ಗೋಡೆಗೊರಗಿ ಒಂದು ಗಳಿಗೆ ಕಣ್ಣು ಮುಚ್ಚಲೆಂದೇ ಆ ಕಿಟಕಿಗೆ ಹಣ ಕೊಟ್ಟಿರಬಹುದು. ಅವಳ ಅಗತ್ಯ ಹಣೆಯ ಮೇಲೆ ಬರೆದಿರುವುದಿಲ್ಲ.

ಆದ್ದರಿಂದ ಕೇಳುವವರಿಗೆ ಒಂದು ಧರ್ಮವಿದೆ, ಕೊಡುವವರಿಗೆ ಇನ್ನೊಂದು. ಕೇಳುವವರು ತಮ್ಮದು ಇಷ್ಟವೋ ಅಗತ್ಯವೋ ಎಂದು ಮೊದಲು ತಮ್ಮನ್ನೇ ಕೇಳಿಕೊಳ್ಳಬೇಕು. ಕೊಡುವ ಸೀಟಿಗಿಂತ ಕೆಳಗಿನದನ್ನು ಬದಲಿಗೆ ಒಡ್ಡಬಾರದು. ಕಿಟಕಿ ಕೇಳುವವರ ಕೈಯಲ್ಲಿ ಕಿಟಕಿ ಇರಬೇಕು, ಕೊನೆಯ ಸಾಲಿನ ಮಧ್ಯದ ಸೀಟಲ್ಲ. ಇಲ್ಲವೆಂಬ ಉತ್ತರವನ್ನು ಬೇಸರವಿಲ್ಲದೆ ಕೇಳಿಸಿಕೊಳ್ಳುವ ಮನಸ್ಸಿಲ್ಲದಿದ್ದರೆ ಆ ಕೋರಿಕೆ ಕೋರಿಕೆಯೇ ಅಲ್ಲ. ಕೊಡುವವರಾದರೋ, ಎದುರಿಗಿರುವುದು ನಿಜವಾದ ಅಗತ್ಯವೆಂದು ಕಂಡ ಮೇಲೆ, ಹಣ ಕೊಟ್ಟಿದ್ದೇನೆ ಎಂಬ ಒಂದೇ ಮಾತಿನ ಹಿಂದೆ ಅಡಗಬಾರದು. ಹಣ ನಮಗೆ ಕೊಟ್ಟದ್ದು ಸಂಸ್ಥೆಯ ಮೇಲಿನ ಹಕ್ಕು. ನೆರೆಯವರ ಕಷ್ಟಕ್ಕೆ ಕಿವುಡಾಗುವ ಪರವಾನಗಿಯನ್ನು ಅದು ಕೊಟ್ಟಿಲ್ಲ. ಮುಂಬಯಿಯ ಲೋಕಲ್ ರೈಲಿನಲ್ಲಿ ಮೂವರ ಬೆಂಚಿನ ಮೇಲೆ ನಾಲ್ಕನೆಯವರಿಗೆ ಸರಿದು ಜಾಗ ಕೊಡುವ ಪದ್ಧತಿಯನ್ನು ನಮ್ಮಲ್ಲಿ ಅನೇಕರು ನಿತ್ಯವೂ ಪಾಲಿಸುತ್ತೇವೆ. ಅದಕ್ಕೆ ಕಾನೂನಿಲ್ಲ, ಶುಲ್ಕವಿಲ್ಲ. ಇಂದು ಕುಳಿತವನು ನಾಳೆ ನಿಲ್ಲಬೇಕಾದೀತೆಂಬ ಅರಿವು ಮಾತ್ರ ಇದೆ.

ಇನ್ನು ಹತ್ತುವ ಸಂಭ್ರಮ. ಎಲ್ಲರಿಗೂ ನಂಬರು ಇದೆ, ಬಾಗಿಲು ಮುಚ್ಚುವವರೆಗೆ ಕಾಲವಿದೆ. ಆದರೂ ಕರೆ ಬರುವ ಮೊದಲೇ ಗೇಟಿನ ಮುಂದೆ ಸಾಲು ಬೆಳೆಯುತ್ತದೆ. ನಿಜವಾದ ಪೈಪೋಟಿ ತಲೆಯ ಮೇಲಿನ ಗೂಡಿಗಾಗಿ. ಊರಿನ ಹಪ್ಪಳ ಸಂಡಿಗೆಯ ಚೀಲಕ್ಕೆ ಜಾಗ ಸಿಗದಿದ್ದರೆ ಎಂಬ ಭಯ. ಜೇಸನ್ ಸ್ಟೆಫನ್ ಎಂಬ ಖಭೌತ ವಿಜ್ಞಾನಿ 2008ರಲ್ಲಿ ಈ ಹತ್ತುವಿಕೆಯನ್ನು ಗಣಿತಕ್ಕೆ ಅಳವಡಿಸಿ ಪ್ರಬಂಧ ಬರೆದರು. ಹಿಂದಿನ ಸಾಲಿನವರನ್ನು ಮೊದಲು ಕರೆಯುವುದೇ ಬೇಗ ಮುಗಿಯುವ ದಾರಿಯೆಂದು ನಮಗೆಲ್ಲ ತೋರುತ್ತದೆ. ಅವರ ಲೆಕ್ಕದಲ್ಲಿ ಅದು ತೀರ ನಿಧಾನದ ವಿಧಾನಗಳಲ್ಲೊಂದು. ಏಕೆಂದರೆ ಅಕ್ಕಪಕ್ಕದ ಸಾಲಿನವರೆಲ್ಲ ಒಂದೇ ಜಾಗದಲ್ಲಿ ನಿಂತು ಚೀಲ ಎತ್ತುತ್ತಾರೆ, ಉಳಿದವರು ಅವರ ಹಿಂದೆ ನಿಲ್ಲುತ್ತಾರೆ. ಒಂದೊಂದು ಸಾಲು ಬಿಟ್ಟು, ಕಿಟಕಿಯವರನ್ನು ಮೊದಲು ಕಳಿಸಿದರೆ ಬಹುಬೇಗ ಮುಗಿಯುತ್ತದೆಂಬುದು ಅವರ ನಿರ್ಣಯ. ಆದರೆ ಈ ಅತಿ ವೇಗದ ವಿಧಾನವನ್ನು ಅಕ್ಷರಶಃ ಪಾಲಿಸಿದರೆ ಕಿಟಕಿಯ ಮಗು ಮೊದಲು ಒಂಟಿಯಾಗಿ ಹೋಗಬೇಕು, ತಾಯಿ ಆಮೇಲೆ. ಮನುಷ್ಯರು ಮೂಟೆಗಳಲ್ಲವಾದ್ದರಿಂದ ಲೆಕ್ಕ ಇಲ್ಲಿ ಸ್ವಲ್ಪ ಬಾಗಲೇಬೇಕು. ಜೊತೆಯಲ್ಲಿ ಬಂದವರು ಜೊತೆಯಲ್ಲಿ ಹತ್ತುವುದರಿಂದ ಕೆಲವು ನಿಮಿಷ ತಡವಾದರೆ, ಆ ನಿಮಿಷಗಳನ್ನು ಉಳಿದವರು ಕೊಡಲು ಹಿಂಜರಿಯಬಾರದು.

ಅದೇ ರೀತಿ ಗಾಲಿಕುರ್ಚಿಯ ಮಾತು. ಚೆನ್ನಾಗಿ ನಡೆಯಬಲ್ಲವರೂ ಸಾಲು ತಪ್ಪಿಸಲೆಂದು ಗಾಲಿಕುರ್ಚಿ ಕೇಳುವುದುಂಟು. ಇಲ್ಲಿ ಇಷ್ಟವು ಅಗತ್ಯದ ವೇಷ ಹಾಕುತ್ತದೆ. ಕುರ್ಚಿಗಳೂ ಅವನ್ನು ತಳ್ಳುವವರೂ ಎಣಿಕೆಯಷ್ಟೇ ಇರುವುದರಿಂದ, ನಿಜವಾಗಿ ನಡೆಯಲಾಗದ ಯಾರೋ ಒಬ್ಬರು ಅಷ್ಟು ಹೊತ್ತು ಬಾಗಿಲಲ್ಲೇ ಕಾಯುತ್ತಾರೆ. ಇಂಥ ಜಾಣತನವನ್ನು ಮನೆಯಲ್ಲಿ ಕಥೆಯಾಗಿ ಹೇಳಿ ನಗಿಸುವುದು ನಿಂತರೆ, ಮಕ್ಕಳಿಗೆ ಒಂದು ಪಾಠ ಕಲಿಸಿದಂತಾದೀತು.

ಇಷ್ಟರವರೆಗೆ ನಾವು ಕಣ್ಣಿಗೆ ಕಾಣುವ ನೆರೆಯವರ ಮಾತಾಡಿದೆವು. ವೇಳಾಪಟ್ಟಿಯ ವಿಷಯದಲ್ಲಿ ಬೆಲೆ ತೆರುವವರು ಕಣ್ಣಿಗೆ ಕಾಣುವುದಿಲ್ಲ. ಬೆಳಿಗ್ಗೆ ಆರರ ವಿಮಾನ ಹಿಡಿದು ಬೆಂಗಳೂರಿನಲ್ಲಿ ಕೆಲಸ ಮುಗಿಸಿ ರಾತ್ರಿ ಹನ್ನೊಂದಕ್ಕೆ ಮರಳಿ ಮನೆ ಸೇರುವುದು ನಮಗೆ ಅನುಕೂಲ. ರಜೆ ಉಳಿಯುತ್ತದೆ, ಹೋಟೆಲಿನ ಖರ್ಚು ಉಳಿಯುತ್ತದೆ. ಆರಕ್ಕೆ ವಿಮಾನ ಹಾರಬೇಕಾದರೆ ಅದನ್ನು ನಡೆಸುವವರು ಮೂರರ ಸುಮಾರಿಗೇ ಎದ್ದಿರಬೇಕು. ಅವರನ್ನು ಕರೆತರುವ ಚಾಲಕರು ಇನ್ನೂ ಮೊದಲು. ರಾತ್ರಿ ಬಂದ ವಿಮಾನವನ್ನು ಗುಡಿಸಿದವರು ಮಲಗಿರುತ್ತಾರೋ ಇಲ್ಲವೋ.

ಇದು ಬರೇ ಕನಿಕರದ ಮಾತಲ್ಲ, ಪ್ರಾಣದ ಮಾತು. 2010ರ ಮೇ 22ರ ಬೆಳಿಗ್ಗೆ ಆರು ದಾಟುವಷ್ಟರಲ್ಲಿ ದುಬೈಯಿಂದ ರಾತ್ರಿ ಹೊರಟ ವಿಮಾನ ಮಂಗಳೂರಿನ ಬಜಪೆಯಲ್ಲಿ ಇಳಿಯುವಾಗ ಗುಡ್ಡದಿಂದಾಚೆ ಉರುಳಿ 158 ಮಂದಿ ತೀರಿಕೊಂಡರು. ಬದುಕುಳಿದವರು ಎಂಟೇ ಜನ. ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ದಿನ ಇನ್ನೂ ಮಾಸಿಲ್ಲ. ವಿಮಾನದ ನಾಯಕರು ಹಾರಾಟದಲ್ಲಿ ದೀರ್ಘಕಾಲ ನಿದ್ರಿಸಿದ್ದು, ಎದ್ದ ಮೇಲಿನ ಮಂಪರು ಅವರ ನಿರ್ಧಾರವನ್ನು ಕೆಡಿಸಿರಬಹುದೆಂದು ವಿಚಾರಣಾ ವರದಿ ಹೇಳಿತು. ಅವರ ಮೇಲೆ ತಪ್ಪು ಹೊರಿಸಲೆಂದು ಇದನ್ನು ನೆನೆಯುತ್ತಿಲ್ಲ. ಬೆಳಗಿನ ಜಾವದಲ್ಲಿ ಮನುಷ್ಯನ ದೇಹ ನಿದ್ದೆಯನ್ನು ಬೇಡುತ್ತದೆ, ಯಾವ ವೇಳಾಪಟ್ಟಿಯೂ ಆ ಬೇಡಿಕೆಯನ್ನು ರದ್ದು ಮಾಡಲಾರದು.

ಪೈಲಟ್‌ಗಳ ವಿಶ್ರಾಂತಿಯ ನಿಯಮಗಳನ್ನು 2024ರ ಜನವರಿಯಲ್ಲಿ ಪರಿಷ್ಕರಿಸಲಾಯಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ರಾತ್ರಿಯೆಂಬ ಅವಧಿಯನ್ನು ಐದರಿಂದ ಆರು ಗಂಟೆಯವರೆಗೆ ಬೆಳೆಸಿ, ರಾತ್ರಿ ಇಳಿಸಬಹುದಾದ ಬಾರಿಗಳನ್ನು ಆರರಿಂದ ಎರಡಕ್ಕೆ ಇಳಿಸಲಾಯಿತು. 2025ರ ಜುಲೈ ಮತ್ತು ನವೆಂಬರಿನಲ್ಲಿ ಎರಡು ಹಂತವಾಗಿ ಅವು ಜಾರಿಗೆ ಬಂದವು. ಆ ಡಿಸೆಂಬರಿನಲ್ಲಿ ದೇಶದ ಅತಿ ದೊಡ್ಡ ವಿಮಾನ ಸಂಸ್ಥೆಗೆ ಸಿಬ್ಬಂದಿ ಸಾಲದೆ ಸಾವಿರಾರು ಹಾರಾಟಗಳು ರದ್ದಾದವು. ಮದುವೆಗೆ ಹೊರಟವರು, ಪರೀಕ್ಷೆಗೆ ಹೊರಟವರು ನಿಲ್ದಾಣಗಳಲ್ಲಿ ನೆಲದ ಮೇಲೆ ಮಲಗಿದರು. ಅವರ ಸಂಕಟ ನಿಜವಾದದ್ದು, ಅವರ ಸಿಟ್ಟೂ ನ್ಯಾಯವಾದದ್ದು. ಅದನ್ನು ಶಮನ ಮಾಡಲು ಸರಕಾರ ಏನು ಮಾಡಿತು? ವಿಶ್ರಾಂತಿಯ ಕೆಲವು ನಿಯಮಗಳನ್ನೇ ತಾತ್ಕಾಲಿಕವಾಗಿ ಸಡಿಲಿಸಿತು. ಸಿದ್ಧತೆಗೆ ಕಾಲವಿದ್ದೂ ಸಿದ್ಧವಾಗದಿದ್ದವರ ಹೊಣೆಯನ್ನು ಕಡೆಗೆ ಹೊತ್ತದ್ದು ಪೈಲಟ್ಟಿನ ನಿದ್ದೆ. ನಮ್ಮ ಅನುಕೂಲಕ್ಕೂ ಇನ್ನೊಬ್ಬರ ಅಗತ್ಯಕ್ಕೂ ಘರ್ಷಣೆ ಬಂದಾಗ ತಕ್ಕಡಿ ಯಾವ ಕಡೆ ವಾಲಿತೆಂಬುದನ್ನು ನಾವು ಶಾಂತವಾಗಿ ಯೋಚಿಸಬೇಕಾಗಿದೆ. ಆ ನಿದ್ದೆಯ ಮೇಲೆ ನಿಂತಿರುವುದು ನಮ್ಮದೇ ಮಕ್ಕಳ ಜೀವ.

ಅಗತ್ಯವು ಸೋಲುವ ಇನ್ನೊಂದು ಗಳಿಗೆಯನ್ನು ಪರವೂರಿನ ಪ್ರತಿ ಸಂಸಾರವೂ ಬಲ್ಲದು. ನಡುರಾತ್ರಿ ಊರಿನಿಂದ ಕರೆ ಬರುತ್ತದೆ. ತಂದೆಯೋ ತಾಯಿಯೋ ಹೋದರಂತೆ. ಮುಖ ನೋಡಬೇಕಾದರೆ ಬೆಳಗಿನ ಮೊದಲ ವಿಮಾನವೇ ಗತಿ. ಆ ಹೊತ್ತಿಗೆ ಅದರ ದರ ತಿಂಗಳ ಮೊದಲು ಕೊಂಡವರು ಕೊಟ್ಟದ್ದರ ಎಷ್ಟೋ ಪಟ್ಟು ಏರಿರುತ್ತದೆ. ತಡವಾಗಿ ಕೊಳ್ಳುವವರಿಗೆ ತುರ್ತು ಹೆಚ್ಚು, ಆದ್ದರಿಂದ ಅವರು ಹೆಚ್ಚು ಕೊಟ್ಟಾರೆಂಬುದು ವ್ಯಾಪಾರದ ಲೆಕ್ಕ. ಸಂಸ್ಥೆಯ ಯಂತ್ರಕ್ಕೆ ಲಕ್ಷಾಧೀಶನ ಅವಸರವೂ ಅಳುತ್ತಿರುವ ಮಗನ ಅವಸರವೂ ಒಂದೇ. ಕೆನಡಾದಂಥ ಕಡೆ, ಬಂಧುವಿನ ಮರಣಕ್ಕೆ ಹೊರಟವರಿಗೆ ರಿಯಾಯಿತಿ ಕೊಡುವ ವಿಮಾನ ಸಂಸ್ಥೆ ಇದೆ. ನಮ್ಮಲ್ಲಿಯೂ ಪ್ರತಿ ವಿಮಾನದಲ್ಲಿ ಒಂದೆರಡು ಸೀಟುಗಳನ್ನು ಇಂಥವರಿಗಾಗಿ ಸಾಮಾನ್ಯ ದರದಲ್ಲಿ ಮೀಸಲಿಡುವುದು ಅಸಾಧ್ಯವೇನಲ್ಲ. ಕಿಟಕಿಗೆ ಎಷ್ಟು ಬೇಕಾದರೂ ದರ ಹಾಕಲಿ, ಕೊನೆಯ ದರ್ಶನಕ್ಕೆ ಹರಾಜು ಹಾಕಬಾರದೆಂದು ನಮ್ಮ ಸಂಘಗಳು ಒಟ್ಟಾಗಿ ಕೇಳಬಹುದು. ಊರಿನಿಂದ ದೂರವಿರುವವರಲ್ಲದೆ ಇದನ್ನು ಕೇಳುವವರು ಬೇರೆ ಯಾರು?

ವಿಚಾರ ಆಕಾಶದಲ್ಲೇ ಉಳಿಯಬೇಕಾಗಿಲ್ಲ. ನಮ್ಮ ಸಂಘಗಳ ಸಭಾಗೃಹಗಳಲ್ಲಿ ಯಕ್ಷಗಾನವೋ ನಾಟಕವೋ ಇದ್ದ ದಿನ ಮುಂದಿನ ಕುರ್ಚಿಗಳ ಮೇಲೆ ಇಂದಿಗೂ ಕರವಸ್ತ್ರಗಳು ಹಾಸಿರುತ್ತವೆ. ಮೊದಲ ಸಾಲು ಗಣ್ಯರಿಗೆ ಮೀಸಲಾಗಿರುತ್ತದೆ, ಗಣ್ಯರು ಬರುವಾಗ ಅರ್ಧ ಆಟ ಮುಗಿದಿರುತ್ತದೆ. ಕಿವಿ ಮಂದವಾದ ಹಿರಿಯರು ಕೊನೆಯ ಸಾಲಿನಲ್ಲಿ ಕೈಯನ್ನು ಕಿವಿಗೆ ಹಿಡಿದು ಕುಳಿತಿರುತ್ತಾರೆ. ವಿಮಾನ ಸಂಸ್ಥೆಗಳಿಗೆ ನಾವು ನಿಯಮ ಹಾಕಲಾರೆವು, ಈ ಕುರ್ಚಿಗಳಿಗೆ ಹಾಕಬಲ್ಲೆವು. ಮುಂದಿನ ಕಾರ್ಯಕ್ರಮದಲ್ಲಿ ಮೊದಲ ಸಾಲನ್ನು ಕೇಳಿಸದವರಿಗೂ ಕಾಣಿಸದವರಿಗೂ ಬಿಟ್ಟುಕೊಟ್ಟರೆ, ಗಣ್ಯರು ಅವರ ಹಿಂದೆ ಸಂತೋಷವಾಗಿ ಕುಳಿತಾರೆಂಬುದೇ ನಮ್ಮ ನಂಬಿಕೆ.